ಹುಳು ಮನೆಯ ಹೊರಗೆ ಕಳೆದ ಆಷಾಢ

ಹೋದ ತಿಂಗಳು ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಚೀಲದಿಂದ ನೀಲಗಿರಿ ಎಣ್ಣೆಯ ಸೀಸೆ ತೆಗೆದು ಮಂಡಿಗೆ ಹಚ್ಚಿಕೊಂಡಳು. ನಾನು ಹೆಗಲು ನೀವಿಕೊಳ್ಳುತ್ತಿದ್ದುದನ್ನು ನೋಡಿದ್ದಳೇನೋ, "ನಿಮ್ಗೂ ಬೇಕೇನಮ್ಮ?" ಎಂದು ಸೀಸೆ ಚಾಚಿದಳು. ನಾನು ಸೆರಗು ಎಳೆದುಕೊಂಡು ಕಿಟಕಿಯ ಕಡೆಗೆ ಸರಿದು, "ಬೇಡಮ್ಮ, ಮನೇಲಿ ಹುಳು ಇದಾವೆ" ಎಂದೆ. ನಮ್ಮ ಕಡೆಯವಳೇ ಇರಬೇಕು. "ಅಯ್ಯೋ, ಮೊದ್ಲೇ ಹೇಳ್ಬಾರ್ದಾ" ಎಂದು ಬಿರಡೆ ಒತ್ತಿ ಕೈಯನ್ನು ಸೀರೆಗೆ ಒರೆಸಿಕೊಂಡಳು. ನಿಜ ಹೇಳಬೇಕೆಂದರೆ ಮನೆಯಲ್ಲಿ ಆಗ ರೇಷ್ಮೆ ಹುಳು ಇರಲಿಲ್ಲ, ಹಿಂದಿನ ವಾರವೇ ಗೂಡು ಮಾರುಕಟ್ಟೆಗೆ ಹೋಗಿತ್ತು. ಎಣ್ಣೆಯೂ ನನಗೆ ಬೇಕೇ ಇತ್ತು. ಆದರೂ ಆ ವಾಸನೆ ಮೂಗಿಗೆ ಬಡಿದೊಡನೆ ನಾಲ್ಕು ವರ್ಷದ ಹಿಂದಿನ ಆಷಾಢ ಬಂದು ಪಕ್ಕದಲ್ಲಿ ಕೂತಂತಾಯಿತು. ಮುಳಬಾಗಿಲು ಬರುವವರೆಗೆ ಅದು ಏಳಲಿಲ್ಲ.

ನಮ್ಮದು ಗೌನಿಪಲ್ಲಿಯಿಂದ ಮೂರು ಕಿಲೋಮೀಟರು ಒಳಗಿರುವ ಊರು. ಸುತ್ತ ಮಾವಿನ ತೋಪುಗಳು, ನಡುನಡುವೆ ಟೊಮೇಟೊ, ನಮ್ಮಂಥ ಏಳೆಂಟು ಮನೆಯವರದು ಹಿಪ್ಪುನೇರಳೆ. ಮನೆಯ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಹುಳು ಮನೆ. ರೇಷ್ಮೆ ಹುಳುವಿನಂಥ ನಾಜೂಕಿನ ಪ್ರಾಣಿ ಇನ್ನೊಂದಿಲ್ಲ. ಊದುಬತ್ತಿ, ಪೌಡರು, ಬೀಡಿ, ಒಗ್ಗರಣೆಯ ಘಾಟು ಯಾವುದೂ ಅದಕ್ಕಾಗದು ಎನ್ನುತ್ತಾರೆ. ಕಾಲು ತೊಳೆದು, ಕೈ ತೊಳೆದು, ಬಾಗಿಲಲ್ಲಿ ಸುಣ್ಣ ತುಳಿದು ಒಳಗೆ ಹೋಗಬೇಕು. ಹುಳುಗಳು ಪೊರೆ ಬಿಡುವ ಮುಂಚೆ ಒಂದು ದಿನ ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಅಲ್ಲಾಡದೆ ನಿಂತುಬಿಡುತ್ತವೆ. ಇದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕು ಸಲ ಜ್ವರಕ್ಕೆ ಹೋಗುತ್ತವೆ. ಆಗ ಯಾರೂ ಗದ್ದಲ ಮಾಡುವಂತಿಲ್ಲ, ಸೊಪ್ಪು ಹಾಕುವಂತಿಲ್ಲ. "ಮಲ್ಗಿದಾವೆ, ಪಾಪ, ಬಿಡು" ಎಂದು ನಮ್ಮತ್ತೆ ಮುನಿಯಮ್ಮನವರು ತಾವೇ ಹೆತ್ತ ಹಾಗೆ ಮಾತಾಡುತ್ತಾರೆ.

ಆ ಮನೆಗೆ ಸೊಸೆಯಾಗಿ ಬಂದು ಹದಿನೈದು ವರ್ಷವಾಗಿತ್ತು. ಮಾವ ತೀರಿಕೊಂಡಿದ್ದರು, ನನ್ನ ಮಗಳು ಕೋಲಾರದಲ್ಲಿ ಹಾಸ್ಟೆಲಿನಲ್ಲಿದ್ದಳು. ಅತ್ತೆ, ನಮ್ಮ ಯಜಮಾನರು, ಮೈದುನ, ಅವನ ಹೆಂಡತಿ ನಾಗವೇಣಿ, ನಾನು, ಐದು ಜನ ಸೇರಿ ಹುಳು ಸಾಕುತ್ತಿದ್ದೆವು. ನನ್ನ ಕೈಗೆ ಊರಲ್ಲಿ ಹೆಸರಿತ್ತು. ಕೊನೆಯಲ್ಲಿ ಹುಳು ಹಣ್ಣಾಗುತ್ತದಲ್ಲ, ಮೈ ಪಾರದರ್ಶಕವಾಗಿ ಗೂಡು ಕಟ್ಟಲು ತಯಾರಾಗುತ್ತದಲ್ಲ, ಅಂಥದ್ದನ್ನು ರಾಶಿಯಲ್ಲಿ ಕಣ್ಣು ಮುಚ್ಚಿ ಆರಿಸುತ್ತೇನೆ ಎಂದು ಜಂಭ ಕೊಚ್ಚಿಕೊಳ್ಳುತ್ತಿದ್ದೆ. ಆ ಕೋಣೆಯಲ್ಲೇ ನಮ್ಮ ನಗು, ಊರ ಸುದ್ದಿ, ಜಗಳ, ರಾಜಿ ಎಲ್ಲ ಆಗುತ್ತಿದ್ದುದು. ಮುಂದಿನ ಮನೆ ಉಣ್ಣಲು, ಮಲಗಲು ಮಾತ್ರ.

ಆ ವರ್ಷ ಶಿವರಾತ್ರಿಯ ಹೊತ್ತಿಗೆ ನೋವು ಶುರುವಾಯಿತು. ಮೊದಲು ಎಡ ಹೆಗಲು. ಆಮೇಲೆ ಕತ್ತು, ಸೊಂಟ, ಮಂಡಿ, ಕೊನೆಗೆ ಇಂಥ ಕಡೆ ಎಂದು ತೋರಿಸಲಾಗದ ಹಾಗೆ ಮೈತುಂಬ. ಬೆಳಿಗ್ಗೆ ಏಳುವಾಗ ರಾತ್ರಿಯೆಲ್ಲ ಯಾರೋ ರಾಗಿ ಬಡಿದ ಹಾಗೆ ಬಡಿದು ಹೋದಂತಿರುತ್ತಿತ್ತು. ಎಂಟು ಗಂಟೆ ಮಲಗಿದರೂ ಮಲಗಿದ ಹಾಗಲ್ಲ. ಒಲೆಯ ಮುಂದೆ ನಿಂತು ಏನು ತೆಗೆದುಕೊಳ್ಳಲು ಕೈ ಚಾಚಿದೆ ಎಂಬುದೇ ಮರೆತುಹೋಗುತ್ತಿತ್ತು. ಹೊರಗೆ ಮಾತ್ರ ಏನೂ ಇಲ್ಲ. ಊತವಿಲ್ಲ, ಕೆಂಪಿಲ್ಲ, ಥರ್ಮಾಮೀಟರಿನಲ್ಲಿ ಒಂದು ಗೀಟೂ ಏರುವುದಿಲ್ಲ. ಮುಖ ಮಾತ್ರ ಕಳೆ ಕಳೆಯಾಗಿ ಇತ್ತು, ಅದೇ ನನಗೆ ಶತ್ರುವಾಯಿತು.

ರಕ್ತ ಕೊಟ್ಟೆ, ಎಕ್ಸ್‌ರೇ ತೆಗೆಸಿದೆ. ಒಂದೊಂದು ರಿಪೋರ್ಟು ಬಂದಾಗಲೂ ಯಜಮಾನರು ಬಾಗಿಲಿಂದಲೇ, "ಏನೂ ಇಲ್ವಂತೆ ಕಣೇ, ಎಲ್ಲಾ ನಾರ್ಮಲ್ಲು" ಎಂದು ಖುಷಿಯಿಂದ ಕೂಗುತ್ತಿದ್ದರು. ಒಳ್ಳೆಯ ಮನುಷ್ಯ. ಆ ಖುಷಿ ನನಗೆ ಹೇಗೆ ಚುಚ್ಚುತ್ತಿತ್ತು ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡದೇನಾದರೂ ಇರಲಿ ದೇವರೇ ಎಂದು ನಾನು ಮುನೇಶ್ವರನಿಗೆ ಕೈಮುಗಿದದ್ದೂ ಉಂಟು. ಅಂಥ ಹರಕೆ ಯಾರು ಹೊರುತ್ತಾರೆ ಹೇಳಿ.

ಕೊನೆಗೆ ಕೋಲಾರದ ಒಬ್ಬ ಡಾಕ್ಟರಮ್ಮ ಅರ್ಧ ಗಂಟೆ ಕೂರಿಸಿಕೊಂಡು ಕೇಳಿದರು. ಹೆಬ್ಬೆರಳಿನಿಂದ ಕತ್ತು, ಹೆಗಲು, ಮೊಣಕೈ, ಸೊಂಟ, ಮಂಡಿಯ ಒಳಭಾಗ ಒತ್ತುತ್ತ ಹೋದರು. ಒತ್ತಿದಲ್ಲೆಲ್ಲ ಜೀವ ಹೋಯಿತು. ಆಮೇಲೆ ಚೀಟಿಯಲ್ಲಿ ಒಂದು ಹೆಸರು ಬರೆದು ಓದಿ ಹೇಳಿದರು. ಫೈಬ್ರೋಮಯಾಲ್ಜಿಯಾ.

"ಇದು ಯಾವ ರಿಪೋರ್ಟಲ್ಲಿ ಕಾಣ್ಸುತ್ತೆ ಮೇಡಂ?"

"ಯಾವುದ್ರಲ್ಲೂ ಕಾಣ್ಸಲ್ಲಮ್ಮ. ಬೇರೆ ಏನೂ ಇಲ್ಲ ಅಂತ ನೋಡ್ಕೊಂಡು, ನೀವು ಹೇಳೋದ್ನ ಕೇಳ್ಕೊಂಡೇ ಹೇಳೋದು."

"ಅಂದ್ರೆ ನಾನು ಹೇಳಿದ್ದಕ್ಕೇ ಹೆಸರಿಟ್ರಿ ಅಂತಾಯ್ತು."

ಅವರು ನಕ್ಕರು, ಬೇಜಾರು ಮಾಡಿಕೊಳ್ಳಲಿಲ್ಲ. "ನೋವು ನಿಜ. ನರಗಳು ಸಣ್ಣದ್ನೂ ದೊಡ್ಡದಾಗಿ ತಿಳ್ಸ್ತಿವೆ ಅಂತ ಇಟ್ಕೊಳ್ಳಿ. ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ, ಕಮ್ಮಿ ಮಾಡ್ಕೋಬಹುದು" ಎಂದು ರಾತ್ರಿಗೊಂದು ಮಾತ್ರೆ ಬರೆದರು. ದಿನಾ ಸ್ವಲ್ಪ ನಡೆಯಿರಿ, ನಿದ್ದೆ ಕೆಡಬೇಡಿ, ಕೆಲಸವನ್ನು ಒಂದೇ ಉಸಿರಿಗೆ ಮಾಡಬೇಡಿ, ಕೂತು ಎದ್ದು ಮಾಡಿ ಎಂದರು. ಕೂತು ಎದ್ದು ಎಂಬ ಮಾತು ಕೇಳಿ ನನಗೆ ನಗು ಬಂತು. ನಮ್ಮ ಮನೆಯಲ್ಲಿ ಹೆಂಗಸರು ಹಗಲು ಹೊತ್ತು ಕೂತದ್ದನ್ನು ನಾನು ನೋಡಿರಲಿಲ್ಲ.

ಮನೆಗೆ ಬಂದು ಹೆಸರು ಹೇಳಿದೆ. "ಏಮಿ ಪೇರು ಅದಿ? ಮಿಕ್ಸಿ ಹೆಸ್ರಿದ್ದಂಗಿದೆ" ಎಂದರು ಅತ್ತೆ, ಎಂದಿನಂತೆ ತೆಲುಗು ಬೆರೆಸಿ. ನಾಗವೇಣಿ ಕಿಸಕ್ಕೆಂದಳು, ನಾನೂ ನಕ್ಕೆ. ಆಮೇಲೆ ಅತ್ತೆ, "ನೆಟ್ಟಗೆ ತಿಂತೀಯ, ನೆಟ್ಟಗೆ ಓಡಾಡ್ತೀಯ, ಇದ್ಯಾವ ಕಾಯಿಲೆ ಪದ್ಮಾ?" ಎಂದು ಮುಖ ನೋಡದೆ ಸೊಪ್ಪಿನ ಹೊರೆ ಬಿಚ್ಚತೊಡಗಿದರು. ಆಗ ನಗಲಾಗಲಿಲ್ಲ.

ಅವರನ್ನು ಬೈದು ಏನು ಬಂತು, ನನಗೇ ಅನುಮಾನವಿತ್ತು. ಆವನಿಯ ಹತ್ತಿರದ ನನ್ನ ತವರಿಗೆ ಹೋದಾಗ ಅಣ್ಣ ಮುಳಬಾಗಿಲಿನ ಇನ್ನೊಬ್ಬ ಡಾಕ್ಟರಿಗೆ ತೋರಿಸಿದ. ಅವರು ಚೀಟಿ ನೋಡಿ, "ಗೊತ್ತಾಗ್ದೇ ಇದ್ದಾಗ ಇಡೋ ಹೆಸ್ರಮ್ಮ ಇದು. ಟೆನ್ಷನ್ ಬಿಡಿ" ಎಂದರು. ಟೆನ್ಷನ್ನನ್ನು ಎಲ್ಲಿ ಬಿಟ್ಟು ಬರುವುದು ಎಂದು ಹೇಳಲಿಲ್ಲ. ಫೋನಿನಲ್ಲಿ ಹುಡುಕಿದರೆ ಹತ್ತು ಜನ ಹತ್ತು ಮಾತು. ಒಬ್ಬ ಅದು ಕಾಯಿಲೆಯೇ ಅಲ್ಲ ಅಂದ, ಒಬ್ಬಳು ಹಳೆಯ ದುಃಖ ಅಂದಳು, ಮತ್ತೊಬ್ಬ ಗೋಧಿ ಬಿಟ್ಟರೆ ಗುಣವಾಗುತ್ತದೆ ಅಂದ. ನಾವು ಹುಟ್ಟಿದಾಗಿನಿಂದ ಮುದ್ದೆ ತಿನ್ನುವವರು, ಎಲ್ಲಿಂದ ತಂದು ಬಿಡಲಿ. ಒಂದು ಮಧ್ಯಾಹ್ನ ಯಜಮಾನರು ಒರಗಿಕೊಂಡಿದ್ದಾಗ ಡಾಕ್ಟರಮ್ಮ ಒತ್ತಿದ ಜಾಗದಲ್ಲೇ ಹೆಬ್ಬೆರಳಿಟ್ಟು ಅವರ ಹೆಗಲನ್ನು ಒತ್ತಿ ನೋಡಿದೆ. "ಇನ್ನೊಂಚೂರು ಗಟ್ಟಿಯಾಗಿ ಒತ್ತೇ, ಹಾಯಾಗಿದೆ" ಎಂದರು. ಎದ್ದು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಇಷ್ಟರ ನಡುವೆ ಒಂದೇ ಒಂದು ಸಮಾಧಾನವೆಂದರೆ ನೀಲಗಿರಿ ಎಣ್ಣೆ. ಅಣ್ಣ ತಂದುಕೊಟ್ಟದ್ದು. ಹಚ್ಚಿದರೆ ಒಂದೆರಡು ಗಂಟೆ ಮೈ ನನ್ನದೆನಿಸುತ್ತಿತ್ತು. ಆಷಾಢದಲ್ಲಿ, ಮೊಟ್ಟೆಯೊಡೆಸಿ ಮರಿ ಸಾಕಿ ಕೊಡುವ ಚಾಕಿ ಕೇಂದ್ರದಿಂದ ಮರಿ ಹುಳುಗಳು ಬರುವ ಹಿಂದಿನ ದಿನ ಅತ್ತೆ ಹುಳು ಮನೆಯ ಬಾಗಿಲಿಗೆ ಅಡ್ಡ ನಿಂತರು.

"ವದ್ದು ವದ್ದು, ಒಳಕ್ಕೆ ಬರ್ಬೇಡ. ಎಣ್ಣೆ ಬೇಕಾ, ಹುಳು ಬೇಕಾ, ನೀನೇ ಹೇಳ್ಬಿಡು."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬೇರೆ ಯಾರಾದರೂ ಆ ವಾಸನೆ ಹೊತ್ತು ಬಂದಿದ್ದರೆ ನಾನೇ ಅಟ್ಟುತ್ತಿದ್ದೆ. "ಎಣ್ಣೆ" ಎಂದೆ. ಅವರು ಬಾಗಿಲು ಮುಚ್ಚಿಕೊಂಡರು.

ಮನೆ ತುಂಬ ಜನರಿದ್ದೂ ಒಬ್ಬಳೇ ಇರುವುದು ಹೇಗೆಂದು ನಾನು ಆ ತಿಂಗಳು ಕಲಿತೆ. ಅಡಿಗೆ ಮಾಡಿ ಮುಚ್ಚಿಟ್ಟು ಪಡಸಾಲೆಯ ಮೂಲೆಗೆ ಹೋಗಿ ಕೂರುತ್ತಿದ್ದೆ. ಅವರು ಸರದಿಯ ಮೇಲೆ ಬಂದು ತಾವೇ ಬಡಿಸಿಕೊಂಡು ಉಂಡು ಹೋಗುತ್ತಿದ್ದರು. ಎಣ್ಣೆಯ ವಾಸನೆ ಬಟ್ಟೆಗೆ ಅಂಟುತ್ತದೆಂದು ನಾಗವೇಣಿ ನನ್ನಿಂದ ಎರಡು ಮಾರು ದೂರ ನಿಂತು, "ಹೆಂಗಿದೀಯಕ್ಕಾ?" ಎನ್ನುತ್ತಿದ್ದಳು, ಉತ್ತರಕ್ಕೆ ಕಾಯುತ್ತಿರಲಿಲ್ಲ. ಯಜಮಾನರು ಹಾಸಿಗೆಯನ್ನು ಹುಳು ಮನೆಯ ಜಗುಲಿಗೆ ಒಯ್ದರು. ಪ್ರತಿ ಬೆಳೆಗೂ ಒಯ್ಯುವುದೇ, ಆದರೆ ಮುಂಚೆ ನಾನೂ ಅಲ್ಲೇ ಇರುತ್ತಿದ್ದೆನಲ್ಲ. ಆಷಾಢದ ಗಾಳಿ ಬೀಸುತ್ತಿತ್ತು, ಮಳೆ ಬಂದರೆ ನಾಲ್ಕು ಹನಿ. ಗಾಳಿ ಆ ಕಡೆಯಿಂದ ಬೀಸಿದಾಗ ಅವರ ನಗು ಕೇಳುತ್ತಿತ್ತು, ಏತಕ್ಕೆ ನಕ್ಕರು ಎಂಬುದು ಕೇಳುತ್ತಿರಲಿಲ್ಲ. ಹತ್ತು ದಿನ ನನ್ನನ್ನು ಯಾರೂ ಮುಟ್ಟಲಿಲ್ಲ. ನೋವಿಗಿಂತ ಅದು ಹೆಚ್ಚಾಯಿತು.

ಹುಳುಗಳು ನಾಲ್ಕನೇ ಜ್ವರಕ್ಕೆ ಹೋದ ದಿನ ನಾನು ಎಣ್ಣೆ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಮೂರು ದಿನ ಹಲ್ಲು ಕಚ್ಚಿಕೊಂಡಿದ್ದು, ಸೀಗೆಕಾಯಿ ಹಾಕಿ ಉಜ್ಜಿ ಉಜ್ಜಿ ಸ್ನಾನ ಮಾಡಿ, ಟ್ರಂಕಿನಿಂದ ಒಗೆದ ಸೀರೆ ತೆಗೆದು ಉಟ್ಟು, ಅತ್ತೆ ತೋಟಕ್ಕೆ ಹೋದ ಹೊತ್ತು ನೋಡಿ ಹುಳು ಮನೆಯ ಬಾಗಿಲಿಗೆ ಹೋದೆ. ನಾಗವೇಣಿಯೊಬ್ಬಳೇ ಸೊಪ್ಪು ಹಾಕುತ್ತಿದ್ದಳು. ಹತ್ತಿರ ಬಂದು ನನ್ನ ಕತ್ತಿನ ಹತ್ತಿರ ಮೂಸಿ ನೋಡಿ, "ವಾಸ್ನೆ ಇಲ್ಲ, ಬಾಕ್ಕ" ಎಂದಳು. ಹುಳುಗಳು ಜ್ವರದಿಂದ ಎದ್ದು ಬೆರಳುದ್ದ ಬೆಳೆದಿದ್ದವು. ನಾಲ್ಕು ರೆಂಬೆ ಹರಡಿದೆ. ಹೆಗಲು ಕಿತ್ತು ಬಂತು, ಆದರೂ ಹರಡಿದೆ. ನಾಗವೇಣಿ ನನ್ನ ಬೆನ್ನ ಮೇಲೆ ಕೈಯಿಟ್ಟು, ಪಕ್ಕದೂರಿನ ಮದುವೆಯಲ್ಲಿ ಗಂಡಿನ ಕಡೆಯವರು ಹೋಳಿಗೆಗಾಗಿ ಮುನಿಸಿಕೊಂಡ ಸುದ್ದಿ ಹೇಳಿದಳು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹತ್ತು ನಿಮಿಷ ಇದ್ದಿರಬೇಕು, ಅಷ್ಟೇ.

ಮಾರನೆಯ ಬೆಳಿಗ್ಗೆ ಒಂದು ಸಾಲಿನ ಹುಳುಗಳು ಸೊಪ್ಪು ಮುಟ್ಟಲಿಲ್ಲ. ತಲೆ ಆಡಿಸುತ್ತ, ಹಸಿರು ನೀರು ಕಾರುತ್ತ, ಮಧ್ಯಾಹ್ನದ ಹೊತ್ತಿಗೆ ಸುರುಟಿಕೊಂಡು ಸತ್ತವು. ಅತ್ತೆ ಸತ್ತ ಹುಳುಗಳ ಮಂಕರಿಯನ್ನು ತಂದು ಪಡಸಾಲೆಯಲ್ಲಿ ನನ್ನ ಮುಂದೆ ಇಟ್ಟರು.

"ನಿನ್ನೆ ಒಳಕ್ಕೆ ಹೋಗಿದ್ಯಾ?"

"ಹೋಗಿದ್ದೆ. ಎಣ್ಣೆ ಹಚ್ಚಿರ್ಲಿಲ್ಲ ಅತ್ತೆ. ಮೂರು ದಿನದಿಂದ ಮುಟ್ಟಿಲ್ಲ."

"ಮೂರು ದಿನದಿಂದ ನೋವಿಲ್ದೇ ಇದ್ಯಾ ಹಂಗಾದ್ರೆ? ಎಣ್ಣೆ ಇಲ್ದಿದ್ರೆ ಸಾಯ್ತೀನಿ ಅಂತಿದ್ದೋಳು?"

ಹಚ್ಚಿದ್ದೆ ಎಂದರೆ ಹುಳು ಕೊಂದವಳು, ಹಚ್ಚಿಲ್ಲ ಎಂದರೆ ನೋವು ಸುಳ್ಳು. ನಾಗವೇಣಿ ಬಾಗಿಲಲ್ಲಿ ನಿಂತಿದ್ದಳು. ಮೂಸಿ ನೋಡಿ ಒಳಗೆ ಕರೆದದ್ದು ನಾನೇ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಯಜಮಾನರು ನೆಲ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಎಲ್ಲರೆದುರು ನನ್ನ ಅಂಗೈ ಮೂಸಿ ನೋಡಿಕೊಂಡೆ. ಏನೂ ವಾಸನೆ ಇರಲಿಲ್ಲ. ಆದರೆ ಚರ್ಮದೊಳಗೆ ಇಳಿದಿದ್ದರೆ? ನನಗೆ ಗೊತ್ತಾಗದ ಹಾಗೆ ಉಳಿದಿದ್ದರೆ? ಇಡೀ ದಿನ ಅದೇ ಯೋಚನೆಯಲ್ಲಿ ಬೆಂದೆ. ನನ್ನ ನೋವನ್ನು ಬೇರೆಯವರು ನಂಬದಿದ್ದದ್ದು ಸಾಲದೆಂದು ನನ್ನ ಮೈಯ ವಿಷಯದಲ್ಲಿ ನನ್ನ ಸಾಕ್ಷಿಯನ್ನು ನಾನೂ ನಂಬದಾದೆ.

ಸಂಜೆಗೆ ಮೈದುನ ರೇಷ್ಮೆ ಆಫೀಸಿನವರನ್ನು ಬೈಕಿನಲ್ಲಿ ಕರೆದುಕೊಂಡು ಬಂದ. ವಯಸ್ಸಾದ ಮನುಷ್ಯ, ನಿಧಾನದವರು. ಮಂಕರಿಯಲ್ಲಿ ಬೆರಳಾಡಿಸಿ ನೋಡಿದರು. ಸೊಪ್ಪು ಯಾವ ಕಡೆಯಿಂದ ಕೊಯ್ದಿರಿ, ಯಾವಾಗ ಕೊಯ್ದಿರಿ, ಆ ಕಡೆ ಹೊಲ ಯಾರದು, ಎಂದು ಕೇಳುತ್ತ ಹೋದರು. ಮೂರು ದಿನದ ಹಿಂದೆ ಪಕ್ಕದ ಟೊಮೇಟೊ ಹೊಲಕ್ಕೆ ಔಷಧಿ ಹೊಡೆದಿದ್ದರು. ಗಾಳಿ ನಮ್ಮ ಕಡೆಗಿತ್ತು. ಬದುವಿನ ಸಾಲಿನ ಸೊಪ್ಪು ಚಿಗುರಾಗಿದೆ ಎಂದು ಹಿಂದಿನ ದಿನ ಅದನ್ನೇ ಕೊಯ್ದಿದ್ದರು.

"ವಾಸ್ನೆಗೆ ಹಿಂಗೆ ಸಾಯಲ್ಲ ಯಜಮಾನ್ರೇ. ಇದು ಸೊಪ್ಪಿಗೆ ಔಷಧಿ ತಾಗಿರೋದು. ಆ ಸೊಪ್ಪು ಎಲ್ಲಾ ಎಸೆದ್ಬಿಡಿ, ಮಿಕ್ಕಿದ್ದಾದ್ರೂ ಉಳ್ಕೊಳ್ತವೆ."

ಎಲ್ಲರೂ ತಲೆಯಾಡಿಸಿದರು. "ಸರಿ ಸಾರ್" ಎಂದು ಯಜಮಾನರು ಆಗಲೇ ಸೊಪ್ಪು ಎಸೆಯಲು ಎದ್ದರು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಅವರು ಏನನ್ನೂ ಪರೀಕ್ಷೆಗೆ ಕಳಿಸಲಿಲ್ಲ. ನೋಡಿದರು, ಮುಟ್ಟಿದರು, ಕೇಳಿದರು, ಹೇಳಿದರು. ಯಾರೂ ರಿಪೋರ್ಟೆಲ್ಲಿ ಎಂದು ಕೇಳಲಿಲ್ಲ. ಕೋಲಾರದ ಡಾಕ್ಟರಮ್ಮ ಮಾಡಿದ್ದೂ ಅದನ್ನೇ ಅಲ್ಲವೇ? ಅವರ ಮಾತು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾಳೆ ಯಾರಾದರೂ ಬೇರೆ ಹೆಸರು ಹೇಳಿದರೆ ಅದನ್ನೂ ಕೇಳುತ್ತೇನೆ. ಆದರೆ ಹೆಸರಿನ ಮೇಲೆ ಅನುಮಾನ ಪಡುವುದು ಬೇರೆ, ನೋವಿನ ಮೇಲೆ ಅನುಮಾನ ಪಡುವುದು ಬೇರೆ ಎಂಬುದು ಅವತ್ತು ಆ ಬಾಗಿಲ ಹಿಂದೆ ತಿಳಿಯಿತು. ಎರಡನೆಯದನ್ನು ಅಲ್ಲಿಗೇ ಬಿಟ್ಟೆ.

ಬದುವಿನ ಸಾಲನ್ನು ಕೊಯ್ಯಲು ಹೇಳಿದ್ದು ಅತ್ತೆ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ. ನಾನು ಬಾಯಿಬಿಡಬಹುದಿತ್ತು. ಅವರು ತಪ್ಪಾಯಿತು ಎನ್ನುವರೇನೋ ಎಂದು ಕಾದೆ. ಒಂದು ದಿನ ಕಾದೆ, ಎರಡು ದಿನ ಕಾದೆ. ಆಮೇಲೆ ಮತ್ತೆ ಎಣ್ಣೆ ಹಚ್ಚಿಕೊಂಡು ಪಡಸಾಲೆಯ ಮೂಲೆಯಲ್ಲಿ ಕೂತೆ. ಈ ಸಲ ಯಾರೂ ಹೊರಗೆ ಹಾಕಿದ್ದಲ್ಲ, ನಾನಾಗಿಯೇ ಕೂತದ್ದು.

ಉಳಿದ ಹುಳುಗಳು ವಾರದೊಳಗೆ ಹಣ್ಣಾದವು. ಹಣ್ಣಾದ ದಿನ ಕೈ ಎಷ್ಟಿದ್ದರೂ ಸಾಲದು. ಒಂದೇ ದಿನದಲ್ಲಿ ಒಂದೊಂದನ್ನೇ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಸೊಪ್ಪಿನ ಹಾಸಿಗೆಯಲ್ಲೇ ನೂಲು ಕಕ್ಕಿ ಕೆಡುತ್ತವೆ. ಅದಕ್ಕೇ ಮುಯ್ಯಾಳು ಪದ್ಧತಿ. ನಮ್ಮ ಹಣ್ಣಿಗೆ ಅವರ ಮನೆಯ ಹೆಂಗಸರು, ಅವರ ಹಣ್ಣಿಗೆ ನಾವು. ಆ ವರ್ಷ ನಾನು ಯಾರ ಮನೆಗೂ ಹೋಗಿರಲಿಲ್ಲವಾದ್ದರಿಂದ ನಮ್ಮಲ್ಲಿಗೆ ಮೂವರು ಮಾತ್ರ ಬಂದರು. ಮಧ್ಯಾಹ್ನ ಅತ್ತೆ ಪಡಸಾಲೆಗೆ ಬಂದು ನಿಂತರು. ಕೈಯೆಲ್ಲ ನೂಲಿನ ಎಳೆ.

"ಬಾ ಒಳಕ್ಕೆ. ಆರ್ಸೋರು ಸಾಲ್ತಿಲ್ಲ."

"ಎಣ್ಣೆ ಹಚ್ಚಿದೀನಿ."

"ಹಣ್ಣಾಗಿದಾವೆ, ಇನ್ನೇನಾಗಲ್ಲ. ಬಾ."

"ಆಗಲ್ಲ ಅತ್ತೆ. ನೋವಿದೆ."

ಆ ಮನೆಯಲ್ಲಿ ಹದಿನೈದು ವರ್ಷದಲ್ಲಿ ಆಗಲ್ಲ ಎಂದದ್ದು ಅದೇ ಮೊದಲು. ಬೈಗುಳಕ್ಕೆ ತಯಾರಾದೆ. ಅವರು ಬೈಯಲಿಲ್ಲ. ಕಂಬ ಹಿಡಿದುಕೊಂಡು ನಿಧಾನವಾಗಿ ನನ್ನ ಪಕ್ಕ ಕೂತರು, ಎಣ್ಣೆಯ ವಾಸನೆಯನ್ನು ಲೆಕ್ಕಿಸದೆ.

"ನಿನ್ ಗಂಡ ಹುಟ್ಟಿದ್ಮೇಲೆ ನಂಗೂ ಹಿಂಗೇ ಶುರುವಾಯ್ತು" ಎಂದರು. "ಮೈಯೆಲ್ಲ ಹುಣ್ಣಾದಂಗೆ. ಯಾವ ಡಾಕ್ಟ್ರು, ಯಾವ ಎಣ್ಣೆ. ಎಲ್ರಿಗಿಂತ ಮುಂಚೆ ನಾಕು ಗಂಟೆಗೇ ಏಳ್ತೀನಲ್ಲ, ಯಾಕನ್ಕೊಂಡಿದೀಯ? ಏಳೋಕೇ ಒಂದು ಗಂಟೆ ಬೇಕು ನಂಗೆ. ಗೋಡೆ ಹಿಡ್ಕೊಂಡು ಏಳೋದ್ನ ಯಾರೂ ನೋಡ್ಬಾರ್ದು ಅಂತ."

ನಾನು ಅದನ್ನು ಚುರುಕುತನ ಎಂದುಕೊಂಡಿದ್ದೆ. ಊರವರ ಮುಂದೆ ಹಾಗೆಂದು ಹೊಗಳಿದ್ದೆ ಕೂಡ. ಅವರದ್ದು ನನ್ನ ಕಾಯಿಲೆಯೇ, ಬೇರೆ ಏನಾದರೂ ಇತ್ತೇ, ಯಾರಿಗೆ ಗೊತ್ತು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಒಂದೇ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಹದಿನೈದು ವರ್ಷ ಮಲಗಿದ್ದೆವು. ನನಗೆ ಅವರ ಮೇಲೆ ಕನಿಕರ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಸಿಟ್ಟು ಬಂತು.

"ನಿಮಗೇ ಗೊತ್ತಿತ್ತಲ್ಲ ಅತ್ತೆ. ಮತ್ತೆ ನನ್ ಮಾತು ಯಾಕೆ ನಂಬ್ಲಿಲ್ಲ?"

ಅವರು ಬೆರಳಿಗೆ ಸುತ್ತಿಕೊಂಡಿದ್ದ ನೂಲನ್ನು ಎಳೆ ಎಳೆಯಾಗಿ ಬಿಡಿಸತೊಡಗಿದರು.

"ನಿನ್ ಮಾತು ನಂಬಿದ್ರೆ, ನಾನೂ ಒಂದ್ ಗಳಿಗೆ ಕೂತ್ಕೋಬಹುದಿತ್ತು ಅಂತಾಗ್ತಿತ್ತಲ್ಲ ಪದ್ಮಾ. ಇಷ್ಟು ವರ್ಷ ಕೂತ್ಕೊಳ್ದೇ ಇದ್ದಿದ್ದಕ್ಕೆ ಏನ್ ಹೇಳ್ಕೊಳ್ಲಿ ನಾನು?"

"ಈಗ ಕೂತ್ಕೊಳ್ಳಿ" ಎಂದೆ. "ಇನ್ನೊಂಚೂರು ಹೊತ್ತು ಕೂತ್ಕೊಳ್ಳಿ ಅತ್ತೆ."

"ಹಣ್ಣು ಹುಳ ಕಾಯ್ತಾವಾ?" ಎಂದು ಅವರು ಕಂಬಕ್ಕೆ ಕೈಯಿಟ್ಟರು. ಒಂದು ಮಂಡಿ ಊರಿ, ಉಸಿರು ಹಿಡಿದು, ಮತ್ತೊಂದು ಮಂಡಿ ಊರಿ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲ ಬಾಗಿಲು ದಾಟಿದರು. ಅವರು ಹುಳು ಮನೆಯ ಒಳಗೆ ಹೋಗುವವರೆಗೂ ನೋಡುತ್ತಿದ್ದೆ. ಅವರ ಹಿಂದೆಯೇ ಎದ್ದು ಹೋಗಬೇಕೆಂದು ಎರಡು ಸಲ ನೆಲಕ್ಕೆ ಕೈಯೂರಿದೆ. ಹೋಗಲಿಲ್ಲ. ನಮ್ಮಿಬ್ಬರಲ್ಲಿ ಒಬ್ಬಳಾದರೂ ಕೂತಿರಬೇಕಿತ್ತು.